ಕೊಸರಿಗೆ ಬಂದ ತಟ್ಟೆ

ಗಾಂಧಿಬಜಾರಿನಲ್ಲಿ ಕಾವೇರಮ್ಮನವರ ಕಣ್ಣಿಗೆ ಮಣ್ಣೆರಚುವ ವ್ಯಾಪಾರಿ ಇನ್ನೂ ಹುಟ್ಟಿರಲಿಲ್ಲ. ಹುರುಳಿಕಾಯಿ ಎಂದರೆ ಮುರಿದು ನೋಡಬೇಕು, ತೆಂಗಿನಕಾಯಿ ಎಂದರೆ ಕಿವಿಯ ಹತ್ತಿರ ಅಲ್ಲಾಡಿಸಬೇಕು, ಸ್ಟೀಲ್ ಪಾತ್ರೆ ಎಂದರೆ ಉಗುರಿನಿಂದ ಬಾರಿಸಿ ಸದ್ದು ಕೇಳಿ, ಅಂಗೈ ಮೇಲೆ ಕೂರಿಸಿ ತೂಗಬೇಕು. ಅಂಗಡಿಯವನು ತಕ್ಕಡಿಗೆ ಇಡುವ ಮೊದಲೇ ಇಷ್ಟು ತೂಗುತ್ತದೆ ಎಂದು ಹೇಳಿಬಿಡುವರು; ಹೇಳಿದ್ದು ತಪ್ಪುತ್ತಿರಲಿಲ್ಲ. ಪಾತ್ರೆಯನ್ನು ತೂಕಕ್ಕೆ ಮಾರುತ್ತಾರೆ, ಆದ್ದರಿಂದ ತೂಕವಿದ್ದದ್ದೇ ಒಳ್ಳೆಯದು, ಇದರಲ್ಲಿ ವಾದವೇನು ಬಂತು? ಎಲ್ಲ ಮುಗಿದು ಚೀಲ ಎತ್ತುವ ಮೊದಲು "ಎಲ್ಲಪ್ಪ ಕೊಸರು?" ಎಂದು ಕೈಯೊಡ್ಡುವರು. ಎರಡು ಹಸಿಮೆಣಸಿನಕಾಯಿಯೋ ಒಂದು ಕಡ್ಡಿ ಕರಿಬೇವೋ ಬೀಳಲೇಬೇಕು. ಕೊಸರಿಲ್ಲದ ವ್ಯಾಪಾರ ಅವರ ಮಟ್ಟಿಗೆ ದಂಡ ಕಟ್ಟಿದ ಹಾಗೆ.

ಇಂಥ ಕಾವೇರಮ್ಮ ಎಂಬತ್ತನಾಲ್ಕನೆಯ ಇಸವಿಯ ಫೆಬ್ರವರಿಯಲ್ಲಿ ಒಂದು ಗುರುವಾರ ಸಂಜೆ, ಮಲ್ಲೇಶ್ವರದ ಒಂದು ಬಾಡಿಗೆ ಮನೆಯ ನಡುಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಮುಂದೆ ಚಾಪೆ. ಚಾಪೆಯ ಮೇಲೆ ಹನ್ನೊಂದು ಪ್ಲಾಸ್ಟಿಕ್ ತಟ್ಟೆ. ಆಚೆ ಬದಿಗೆ ಹ್ಯಾರಿಸ್ ಎಂಬ ಅಮೆರಿಕದ ಮೇಷ್ಟ್ರು, ನೆಲದ ಮೇಲೆ ಕೂರಲು ಬಾರದೆ ಒಂದು ಕಾಲು ಚಾಚಿಕೊಂಡು. ಈಚೆ ಬದಿಗೆ ಕಾವೇರಮ್ಮನ ಮಗಳು ಚೂಡಾಮಣಿ, ಮುಖ ಗಂಟಿಕ್ಕಿಕೊಂಡು. ಇವರನ್ನೆಲ್ಲ ಒಂದೆಡೆ ಸೇರಿಸಿದ ಮಹಾನುಭಾವ ವರದರಾಜ, ಕಾವೇರಮ್ಮನ ಅಣ್ಣನ ಮಗ, ಬಾಗಿಲ ಹತ್ತಿರ ನಿಂತು ಹಲ್ಲು ಕಿರಿಯುತ್ತಿದ್ದ.

ವರದರಾಜ ಹ್ಯಾರಿಸ್ ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲೇ ಗುಮಾಸ್ತ. ಹ್ಯಾರಿಸ್ ಎರಡು ವರ್ಷದ ಮಟ್ಟಿಗೆ ಮರಗಿಡಗಳ ವಿಷಯ ಓದಲು ಬಂದವನು. ಆದರೆ ಭಾನುವಾರ ಬಂದರೆ ಕಾರು ಹತ್ತಿ ದೇವರಾಯನದುರ್ಗದ ಕಾಡಿಗೆ ಹೋಗಿ, ಗುಡ್ಡದ ಮೇಲೆ ಒಂಬತ್ತು ಮರಕ್ಕೆ ಒಂಬತ್ತು ಬಿದಿರು ಬುಟ್ಟಿ ಕಟ್ಟಿ, ಒಂದೊಂದಕ್ಕೂ ತಟ್ಟೆ ಎಸೆಯುತ್ತ ಕಾಡೆಲ್ಲ ಅಲೆಯುತ್ತಿದ್ದ. ಅದು ಗಾಲ್ಫ್ ಇದ್ದ ಹಾಗೆಯೇ ಒಂದು ಆಟವಂತೆ. ಚೆಂಡೂ ಇಲ್ಲ, ಕೋಲೂ ಇಲ್ಲ. ಅತಿ ಕಡಿಮೆ ಎಸೆತದಲ್ಲಿ ಬುಟ್ಟಿಗೆ ತಲುಪಿಸಿದವನು ಗೆದ್ದ. ಅವನ ಊರಿನಲ್ಲಿ ಬುಟ್ಟಿಗೆ ಕಬ್ಬಿಣದ ಸರಪಳಿ ಇರುತ್ತದಂತೆ, ತಟ್ಟೆ ಬಡಿದರೆ ಝಲ್ ಎನ್ನುತ್ತದಂತೆ. ಅದು ಇಲ್ಲಿ ಎಲ್ಲಿ ಬರಬೇಕು? ವರದರಾಜನೇ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಬುಟ್ಟಿಗೊಂದರಂತೆ ದನದ ಕೊರಳಿಗೆ ಕಟ್ಟುವ ಗಂಟೆ ಒಂಬತ್ತು ಕೊಡಿಸಿದ್ದ.

ಮುಂದಿನ ತಿಂಗಳು ಹ್ಯಾರಿಸ್ ಊರಿಗೆ ಹೊರಡುವವನು. ತಟ್ಟೆಗಳಲ್ಲಿ ಕೆಲವನ್ನು ಇಲ್ಲೇ ಯಾರಿಗಾದರೂ ಕೊಡಬೇಕೆಂದಿದ್ದ. ವರದರಾಜನ ಬಾಯಿ ಸುಮ್ಮನಿರಬೇಕಲ್ಲ. "ನಮ್ಮ ಚೂಡಿ ಒಂದು ಕಾಲದಲ್ಲಿ ಡಿಸ್ಕಸ್ ಎಸೆತದಲ್ಲಿ ರಾಜ್ಯಕ್ಕೇ ಎರಡನೆಯವಳು" ಎಂದುಬಿಟ್ಟಿದ್ದ.

ಎರಡನೆಯವಳು ಎಂಬುದು ನಿಜ. ಮೊದಲನೆಯವಳು ಮಹಾನಂದ. ಮುಖ ಗಂಟಿಕ್ಕಿಕೊಳ್ಳಲು ಕಾರಣವೂ ಅವಳೇ.

ಹನ್ನೆರಡು ವರ್ಷದ ಹಿಂದೆ ಇಬ್ಬರೂ ಒಂದೇ ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದರು. ಚಾಮರಾಜಪೇಟೆಯ ಮಹಾನಂದ, ಬಸವನಗುಡಿಯ ಚೂಡಾಮಣಿ. ಒಬ್ಬಳ ಬುತ್ತಿ ಇನ್ನೊಬ್ಬಳು ತಿನ್ನುವಷ್ಟು ಸ್ನೇಹ. ಆ ಮೈದಾನದಲ್ಲಿ ಒಂದು ಕಟ್ಟಲೆ ಇತ್ತು: ಡಿಸ್ಕಸ್ ಬಿಡುವ ಮೊದಲು "ಬಂತೂ!" ಎಂದು ಕೂಗಬೇಕು. ರಾಷ್ಟ್ರಮಟ್ಟದ ಆಯ್ಕೆಗೆ ನಾಲ್ಕು ದಿನ ಇದ್ದಾಗ ಒಂದು ಸಂಜೆ ಬೆಳಕು ಇಳಿಯುತ್ತಿತ್ತು, ಚೂಡಾಮಣಿಗೆ ಇನ್ನೊಂದೇ ಒಂದು ಎಸೆತದ ಆತುರ. ಮಹಾನಂದ ತನ್ನ ಡಿಸ್ಕಸ್ ಎತ್ತಿಕೊಳ್ಳಲು ಆಚೆ ಬಗ್ಗಿದ್ದಳು. ಚೂಡಾಮಣಿ ನೋಡಲಿಲ್ಲ, ಕೂಗಲಿಲ್ಲ, ಬಿಟ್ಟಳು. ಒಂದು ಕೇಜಿ ತೂಕದ ಕಬ್ಬಿಣದ ಅಂಚು ಮಹಾನಂದಳ ಮೊಣಕಾಲ ಕೆಳಗೆ ಬಡಿಯಿತು.

ಆಸ್ಪತ್ರೆಯಲ್ಲಿ ಮಹಾನಂದ ಕೇಳಿದ್ದು ಒಂದೇ ಮಾತು. "ಕೂಗಿದ್ಯೇನೇ?"

"ಕೂಗಿದ್ದೆ ಕಣೇ. ನಿಂಗೆ ಕೇಳಿಸಲಿಲ್ಲ" ಎಂದಿದ್ದಳು ಚೂಡಾಮಣಿ.

ಮೂಳೆ ಸೊಟ್ಟಗೆ ಕೂಡಿತು. ಮಹಾನಂದ ಮತ್ತೆ ಎಸೆಯಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ, ಕುಂಟುತ್ತಲೇ ಹೋಗಿ ಬರುತ್ತಿದ್ದಳು. ಚೂಡಾಮಣಿಯೂ ಎಸೆಯಲಿಲ್ಲ. ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು, ಖೋಖೋ ಕಲಿಸಿದಳು, ಥ್ರೋಬಾಲ್ ಕಲಿಸಿದಳು, ಡಿಸ್ಕಸ್ ಮಾತ್ರ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ಶಾಲೆಗೂ ಬಸ್ ನಿಲ್ದಾಣಕ್ಕೂ ನಡುವೆ ಮಹಾನಂದಳ ಬೀದಿ. ಐದು ನಿಮಿಷದ ದಾರಿ ಬಿಟ್ಟು ಕಾಲುಗಂಟೆ ಸುತ್ತಿಕೊಂಡು ಹೋಗುತ್ತಿದ್ದಳು ಚೂಡಾಮಣಿ. ಹನ್ನೆರಡು ವರ್ಷ, ಬಿಸಿಲಾಗಲಿ ಮಳೆಯಾಗಲಿ. ಕಾಲು ಮುರಿದದ್ದು ಕೈತಪ್ಪಿನಿಂದ, ಅದಕ್ಕೆ ದೇವರಾದರೂ ಕ್ಷಮಿಸಿಯಾನು. ಸುಳ್ಳು ಹೇಳಿದ್ದು ಬಾಯಾರೆ. ಅದೊಂದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು, ಉಗುಳಲೂ ಆಗದೆ ನುಂಗಲೂ ಆಗದೆ.

ಹೀಗಿರುವಾಗ ಅಮೆರಿಕದವನ ತಟ್ಟೆ ಯಾರಿಗೆ ಬೇಕಿತ್ತು? ಆದರೆ ಭಾನುವಾರ ಹ್ಯಾರಿಸ್ ಆಟ ತೋರಿಸಲು ಕರೆದೊಯ್ಯುವ ನೆಪದಲ್ಲಿ ಕಾವೇರಮ್ಮನಿಗೆ ದೇವರಾಯನದುರ್ಗದ ನರಸಿಂಹಸ್ವಾಮಿಯ ದರ್ಶನಕ್ಕೆ ಪುಕ್ಕಟೆ ಕಾರು ಸಿಗುತ್ತಿತ್ತು. "ನಡಿಯೇ, ದೇವ್ರು ತಾನಾಗೇ ಕರೀತಿದಾನೆ" ಎಂದು ಮಗಳನ್ನು ಎಬ್ಬಿಸಿಕೊಂಡು ಬಂದಿದ್ದರು.

"ಮೂರು ಆರಿಸಿಕೊಳ್ಳಬೇಕಂತೆ ಅತ್ತೆ" ಎಂದ ವರದರಾಜ.

ಮೂರು ಎಂಬುದು ಕಿವಿಗೆ ಬಿದ್ದದ್ದೇ ತಡ, ಕಾವೇರಮ್ಮ ಸೆರಗು ಸಿಕ್ಕಿಸಿಕೊಂಡರು. ಮೊದಲ ತಟ್ಟೆ ಎತ್ತಿ ಉಗುರಿನಿಂದ ಬಾರಿಸಿದರು. "ಸದ್ದೇ ಇಲ್ವಲ್ಲೋ ವರದ! ಇದೆಂಥಾ ತಟ್ಟೆ?"

"ಪ್ಲಾಸ್ಟಿಕ್ಕು ಅತ್ತೆ. ಊಟಕ್ಕಲ್ಲ."

"ಊಟಕ್ಕಿಲ್ದ ತಟ್ಟೆ ಇನ್ಯಾತಕ್ಕೋ?" ಎಂದರೂ ಕೈ ಸುಮ್ಮನಿರಲಿಲ್ಲ. ಹನ್ನೊಂದನ್ನೂ ಒಂದೊಂದಾಗಿ ಅಂಗೈಯಲ್ಲಿ ತೂಗಿದರು. ಕೆಲವು ದಪ್ಪ ಅಂಚಿನವು, ಹತ್ತಿರದಿಂದ ಬುಟ್ಟಿಗೆ ಹಾಕಲಿಕ್ಕೆ. ಕೆಲವು ಚೂಪು ಅಂಚಿನವು, ದೂರ ಹೋಗಲಿಕ್ಕೆ. ಹ್ಯಾರಿಸ್ ಹೇಳುತ್ತ ಹೋದ, ವರದರಾಜ ಕನ್ನಡಕ್ಕೆ ತಿರುಗಿಸುತ್ತ ಹೋದ, ಇಬ್ಬರ ಮಾತೂ ಕಾವೇರಮ್ಮನ ಕಿವಿಗೆ ಹೋಗಲಿಲ್ಲ. ಅತಿ ಭಾರದ, ಗೀಟೊಂದೂ ಬೀಳದ, ಮಿರಮಿರ ಮಿಂಚುವ ಮೂರನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಚೂಡಾಮಣಿಗೂ ಅದೇ ಸರಿ ಕಂಡಿತು. ಡಿಸ್ಕಸ್ ಎಸೆದ ಕೈ ಅದು, ಭಾರವಿಲ್ಲದ್ದನ್ನು ಅದು ನಂಬುವುದಿಲ್ಲ.

ಹ್ಯಾರಿಸ್ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಕಾವೇರಮ್ಮ ಕೈಯೊಡ್ಡಿದರು.

"ಎಲ್ಲಪ್ಪ ಕೊಸರು?"

ಕೊಸರು ಎಂದರೇನು ಎಂದು ಅಮೆರಿಕದವನಿಗೆ ತಿಳಿಸಿ ಹೇಳುವಷ್ಟರಲ್ಲಿ ವರದರಾಜನಿಗೆ ಬೆವರಿಳಿಯಿತು. ತಿಳಿದ ಮೇಲೆ ಹ್ಯಾರಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಚಾಪೆಯ ಮೂಲೆಯಲ್ಲಿದ್ದ ಒಂದು ಹಳೆಯ ತಟ್ಟೆಯನ್ನು ಎತ್ತಿ ಎರಡು ಕೈಯಲ್ಲಿ ಕೊಟ್ಟ. ಬಣ್ಣ ಮಾಸಿದ ಕಿತ್ತಳೆ ತಟ್ಟೆ. ಮೈಯೆಲ್ಲ ಗೀಟು, ಅಂಚು ಸವೆದು ನುಣ್ಣಗಾಗಿತ್ತು, ಹಪ್ಪಳದಷ್ಟು ಹಗುರ. "ಸಾಕು ಬಿಡು, ಕೊಸರು ಅಂದ್ಮೇಲೆ ಹೀಗೇ" ಎಂದು ಕಾವೇರಮ್ಮ ಅದನ್ನೂ ಬಟ್ಟೆಯ ಚೀಲಕ್ಕೆ ತುರುಕಿದರು.

ಮಾರನೆಯ ದಿನ ಪಾತ್ರೆಗೆ ಹೆಸರು ಕೆತ್ತುವವನ ಹತ್ತಿರ ಹೋದರು. ಅವನ ಮಿಷನ್ನು ಪ್ಲಾಸ್ಟಿಕ್ಕಿಗೆ ಆಗುವುದಿಲ್ಲವೆಂದ. ಕಾವೇರಮ್ಮ ಬಿಡುವ ಹೆಂಗಸೇ? ಮನೆಗೆ ಬಂದು, ದಬ್ಬಳವನ್ನು ಒಲೆಯಲ್ಲಿ ಕಾಯಿಸಿ, ತಟ್ಟೆಗಳ ತಳಕ್ಕೆ ತಾವೇ ಹೆಸರು ಬರೆದರು. ಚೂಡಾಮಣಿ ಮೂಗು ಮುಚ್ಚಿಕೊಂಡು ಹೊರಗೆ ಹೋದಳು. ಏನು ಬರೆದರು ಎಂದು ನೋಡಲಿಲ್ಲ.

ಭಾನುವಾರ ಬೆಳಗಿನ ಜಾವ ಹೊರಟು ದುರ್ಗ ಸೇರುವ ಹೊತ್ತಿಗೆ ಸೂರ್ಯ ಇನ್ನೂ ಗುಡ್ಡದ ಆ ಕಡೆಗಿದ್ದ. ಕಾವೇರಮ್ಮನನ್ನು ದೇವಸ್ಥಾನದಲ್ಲಿ ಬಿಟ್ಟು, ಉಳಿದ ಮೂವರು ಕಾಡಿನ ದಾರಿ ಹಿಡಿದರು. ಮಂಜು ಮರಗಳ ಸೊಂಟದ ತನಕ ನಿಂತಿತ್ತು. ಬಂಡೆಗಳು ತೋಯ್ದು ಕರ್ರಗಿದ್ದವು. ಚೂಡಾಮಣಿಯ ಬಿಳೀ ಕ್ಯಾನ್ವಾಸ್ ಶೂ ಎರಡು ಸಲ ಜಾರಿತು. ಹ್ಯಾರಿಸ್ ತನ್ನ ದಪ್ಪ ಹಲ್ಲಿನ ಬೂಟು ತೋರಿಸಿ, "ಕಾಡಿಗೆ ಇದು. ಶಾಲೆಗೆ ಅದು" ಎಂದ ಹರಕು ಕನ್ನಡದಲ್ಲಿ. ಎಲ್ಲೆಲ್ಲೂ ಎಲೆ ಉದುರಿಸಿಕೊಂಡು ಹೂ ಬಿಟ್ಟ ಮುತ್ತುಗದ ಮರಗಳು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಚೂಡಾಮಣಿಗೆ ಕಾಡೆಂದರೆ ಲಾಲ್‌ಬಾಗ್. ಇಲ್ಲಿ ಮರಗಳಿಗೆ ಬೋರ್ಡಿಲ್ಲ, ಬೆಂಚಿಲ್ಲ, ಯಾರಿಗೂ ಇವಳು ಬಂದದ್ದು ಬೇಕಾಗಿಲ್ಲ. ಯಾಕೋ ದೇವಸ್ಥಾನದೊಳಗೆ ಮಾತಾಡುವ ಹಾಗೆ ದನಿ ತಗ್ಗಿಸಿದಳು.

ಮೊದಲ ಬುಟ್ಟಿ ಇನ್ನೂರೈವತ್ತು ಅಡಿ ದೂರದ ಮತ್ತಿಮರದಲ್ಲಿತ್ತು. ವರದರಾಜ ಮನೆಯಿಂದ ತಂದ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆದ. ಹ್ಯಾರಿಸ್ ಗೆರೆಯ ಹಿಂದೆ ನಿಂತು, ಕಾಡಿನೊಳಗೆ ಸೌದೆಗೆ ಬಂದವರು ಯಾರಾದರೂ ಇದ್ದಾರೇನೋ ಎಂದು ಎರಡೂ ಕಡೆ ನೋಡಿ, ಬಾಯಿಗೆ ಕೈ ಹಿಡಿದು ತನ್ನ ಭಾಷೆಯಲ್ಲಿ ಜೋರಾಗಿ ಕೂಗಿದ. ಚೂಡಾಮಣಿ ಒಂದು ಹೆಜ್ಜೆ ಹಿಂದೆ ಸರಿದಳು.

"ಕೂಗದೇ ಬಿಡೋ ಹಾಗಿಲ್ಲ. ಅದೊಂದೇ ಅವರ ಕಾನೂನು" ಎಂದ ವರದರಾಜ.

ಇಸ್ಪೀಟು ಹಂಚುವವನ ಹಾಗೆ ಹ್ಯಾರಿಸ್‌ನ ತೋಳು ಎದೆಯ ಕಡೆಯಿಂದ ಹೊರಕ್ಕೆ ಬಿಚ್ಚಿಕೊಂಡಿತು. ತಟ್ಟೆ ಹೊರಟಿತು. ಚೂಡಾಮಣಿಯ ಕಣ್ಣಿಗೆ ಗೊತ್ತಿದ್ದದ್ದು ಡಿಸ್ಕಸ್: ಏರುತ್ತದೆ, ಇಳಿಯುತ್ತದೆ, ಧೊಪ್ಪೆಂದು ಬೀಳುತ್ತದೆ. ಇದು ಬೀಳಲೇ ಇಲ್ಲ. ಮಂಜಿನ ಮೇಲೆ ಯಾರೋ ಕಾಣದ ದಾರಿ ಹಾಸಿಕೊಟ್ಟ ಹಾಗೆ ಸುಮ್ಮನೆ ಹೋಯಿತು, ಎರಡು ಮರದ ಸಂದಿಯಲ್ಲಿ ನುಸುಳಿತು, ಹೋಗುತ್ತ ಹೋಗುತ್ತ ನಿಧಾನವಾಯಿತು, ಒಂದು ಕ್ಷಣ ಗಾಳಿಯಲ್ಲಿ ನಿಂತೇಬಿಟ್ಟಿತು. ಆಮೇಲೆ ಎಡಕ್ಕೆ ವಾಲಿ ಮತ್ತಿಮರದ ಬುಡಕ್ಕೆ ಇಳಿಯಿತು. ಒಂದು ಎಲೆ ಮುರಿಯಲಿಲ್ಲ, ಒಂದು ಹಕ್ಕಿ ಏಳಲಿಲ್ಲ.

"ಅಯ್ಯೋ ದೇವರೇ" ಎಂದಳು ಚೂಡಾಮಣಿ. ಕೈಯಿಂದ ಬಿಟ್ಟ ವಸ್ತು ಇಷ್ಟು ಮೆತ್ತಗೆ ನೆಲ ಮುಟ್ಟಬಹುದೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕಣ್ಣು ತುಂಬಿ ಬಂತು, ಮಂಜಿಗೆ ಎಂದುಕೊಂಡು ಒರೆಸಿಕೊಂಡಳು.

ಅವಳ ಸರದಿ ಬಂತು. ಕೂಗಬೇಕು. ಬಾಯಿ ತೆರೆದಳು, ದನಿ ಹೊರಡಲಿಲ್ಲ. ಮತ್ತೆ ತೆರೆದಳು. ಶಾಲೆಯ ಮೈದಾನದಲ್ಲಿ ಮುನ್ನೂರು ಹುಡುಗಿಯರನ್ನು ಸೀಟಿಯಿಲ್ಲದೆ ಸಾಲಾಗಿ ನಿಲ್ಲಿಸುವ ಗಂಟಲು ಅದು, ಈಗ ಗಾಳಿ ಮಾತ್ರ ಬಂತು. ವರದರಾಜನಿಗೆ ಅಪಘಾತ ಗೊತ್ತಿತ್ತು, ಸುಳ್ಳು ಗೊತ್ತಿರಲಿಲ್ಲ. ಪಾಪ, ಸಂಕೋಚವೆಂದುಕೊಂಡು ತಾನೇ "ಬಂತೂ!" ಎಂದು ಕೂಗಿದ. ಚೂಡಾಮಣಿ ಎಸೆದಳು.

ಭಾರದ ಹೊಸ ತಟ್ಟೆ ಇಪ್ಪತ್ತು ಮಾರು ಹೋಗಿ, ಎಡಕ್ಕೆ ಮಗುಚಿ, ಬಂಡೆಗೆ ಫಟ್ಟೆಂದು ಬಡಿಯಿತು. ಎರಡನೆಯದೂ ಹಾಗೆಯೇ. ಮೂರನೆಯದು ಇನ್ನೂ ಬೇಗ. ಎಷ್ಟು ರೆಟ್ಟೆ ಹಾಕಿದರೂ ಅಷ್ಟೇ. ಮೂರೂ ಹಟಮಾರಿ ಎಮ್ಮೆಗಳು, ಎಡಕ್ಕೇ ಎಳೆಯುತ್ತಿದ್ದವು. ಎರಡನೆಯ ಬುಟ್ಟಿ, ಮೂರನೆಯ ಬುಟ್ಟಿ, ಆರನೆಯ ಬುಟ್ಟಿಯವರೆಗೂ ಇದೇ ಪಾಡು. ಪ್ರತಿಸಲವೂ ವರದರಾಜನೇ ಕೂಗಿದ.

ಕೊನೆಗೆ ಹ್ಯಾರಿಸ್ ಹೇಳಿದ್ದನ್ನು ವರದರಾಜ ತಲೆ ಕೆರೆದುಕೊಳ್ಳುತ್ತ ತಿಳಿಸಿದ. "ಇವು ಮೂರೂ ಬಹಳ ಪಳಗಿದ ಕೈಗೆ ಅಂತೆ ಚೂಡಿ. ಹೊಸ ಚಪ್ಪಲಿ ಕಚ್ಚುತ್ತಲ್ಲ, ಹಾಗೆ. ತೂಕ ನೋಡಿ ತಗೊಂಡ್ರಿ. ಇದು ಪಾತ್ರೆ ಅಲ್ಲವಂತೆ. ಮರಕ್ಕೆ ಬಡಿದೂ ಬಡಿದೂ ಸವೆದದ್ದೇ ನೆಟ್ಟಗೆ ಹೋಗೋದಂತೆ."

"ಮೊದ್ಲೇ ಹೇಳೋಕೇನಾಗಿತ್ತು ಇವರಿಗೆ?"

"ಅತ್ತೆ ಮುಂದೆ ಬಾಯಿ ಬಿಡೋ ಧೈರ್ಯ ಬರಲಿಲ್ಲವಂತೆ."

ಏಳನೆಯ ಬುಟ್ಟಿಗೆ ಬಂದಾಗ ಮೂವರೂ ನಿಂತುಬಿಟ್ಟರು. ಕಾಡು ಅಲ್ಲಿಗೆ ಮುಗಿದು ದೊಡ್ಡ ಹಾಸುಬಂಡೆ. ಬಂಡೆಯ ಮುಂದೆ ನೆಲವೇ ಇಲ್ಲ. ಆಳದ ಕೊರಕಲು, ಅದರ ತಳದಲ್ಲಿ ಇನ್ನೂ ಬೆಳಗಾಗದ ಕಾಡು. ಆಚೆ ದಂಡೆಯಲ್ಲಿ, ಮುತ್ತುಗದ ಕೆಂಪಿನ ನಡುವೆ, ಒಂದು ಆಲದ ಮರದಲ್ಲಿ ಬೆರಳುಗುರಿನಷ್ಟು ಬುಟ್ಟಿ. ಅದೇ ಹೊತ್ತಿಗೆ ಸೂರ್ಯ ಗುಡ್ಡದ ತಲೆ ದಾಟಿದ. ಕೊರಕಲಿನ ಮಂಜು ಒಳಗಿಂದ ಬೆಳಗಿತು, ಮೇಲೆದ್ದಿತು, ನೋಡನೋಡುತ್ತ ಹರಿದುಹೋಗಿ ಕೆಳಗಿನ ಬಯಲು, ಕೆರೆಗಳು, ಅದರಾಚೆ ಒಂದರ ಹಿಂದೊಂದು ಗುಡ್ಡಗಳು ಎದ್ದು ಬಂದವು. ಚೂಡಾಮಣಿಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡದರ ಮುಂದೆ ತಾನೊಂದು ಇರುವೆ. ಆದರೂ ಆ ಇರುವೆಯ ಒಂದು ಸುಳ್ಳನ್ನು ಮುಚ್ಚಿಡಲು ಈ ಇಡೀ ಗುಡ್ಡವೂ ಸಾಲದು ಎನ್ನಿಸಿತು.

"ಇಲ್ಲಿ" ಎಂದ ಹ್ಯಾರಿಸ್, ಕನ್ನಡದಲ್ಲೇ, "ನೀವೇ ಕೂಗಿ." ಆಚೆ ದಂಡೆಯಲ್ಲಿ ಊರಿನವರು ಓಡಾಡುವ ಕಾಲುದಾರಿ ಇತ್ತು. ಎಸೆಯುವವರೇ ನೋಡಬೇಕು, ಎಸೆಯುವವರೇ ಕೂಗಬೇಕು. ವರದರಾಜ ನಾಲ್ಕು ಹೆಜ್ಜೆ ಹಿಂದೆ ಸರಿದ.

ಚೂಡಾಮಣಿ ಚೀಲಕ್ಕೆ ಕೈಹಾಕಿದಳು. ಕೈಗೆ ಬಂದದ್ದು ಕೊಸರಿನ ತಟ್ಟೆ. ಹಿಡಿತ ಸರಿಮಾಡಿಕೊಳ್ಳಲು ಅದನ್ನು ಮಗುಚಿದಳು. ತಳದಲ್ಲಿ ಕಾದ ದಬ್ಬಳದ ಕಂದು ಅಕ್ಷರ, ಅಮ್ಮನ ಸೊಟ್ಟ ಕೈಬರಹ. ಚೂಡಾಮಣಿ ಎಂದಿರಲಿಲ್ಲ. ಮಹಾನಂದ ಎಂದಿತ್ತು.

ಮನೆಯಲ್ಲಿ ಆ ಹೆಸರನ್ನು ಹನ್ನೆರಡು ವರ್ಷದಿಂದ ಯಾರೂ ಎತ್ತಿರಲಿಲ್ಲ. ಹೆಬ್ಬೆರಳಿನಿಂದ ಅಕ್ಷರಗಳನ್ನು ತಡವಿದಳು. ಆಚೆ ದಂಡೆಯನ್ನು ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕಾಲುದಾರಿಯ ಉದ್ದಕ್ಕೂ ನೋಡಿದಳು. ಯಾರೂ ಬಗ್ಗಿರಲಿಲ್ಲ. ಹೊಟ್ಟೆಯ ಆಳದಿಂದ ಉಸಿರೆಳೆದುಕೊಂಡಳು.

"ಬಂತೂ..!"

ಕೊರಕಲು ಅದನ್ನು ಎತ್ತಿಕೊಂಡು ಆಚೆ ಗುಡ್ಡಕ್ಕೆ ಕೊಟ್ಟಿತು, ಗುಡ್ಡ ತಿರುಗಿ ಕೊಟ್ಟಿತು. ಬಂತೂ, ಬಂತೂ. ಎಲ್ಲೋ ಒಂದು ಮುಸುವ ಬೆಚ್ಚಿ ಕೂಗಿತು. ಹನ್ನೆರಡು ವರ್ಷ ತಡವಾಗಿ ಆ ಕೂಗು ಹೊರಬಿದ್ದಿತ್ತು. ಅದರ ಹಿಂದೆಯೇ ತಟ್ಟೆಯೂ ಹೊರಟಿತು.

ಹೊರಟದ್ದೇ ಬಲಕ್ಕೆ ವಾಲಿತು. ಬಂಡೆ ದಾಟಿತು, ನೆಲ ದಾಟಿತು, ಕೊರಕಲಿನ ನಟ್ಟನಡುವೆ, ಕೆಳಗೆ ಏನೂ ಇಲ್ಲದ ಕಡೆ, ದೂರ ದೂರ ಸರಿಯಿತು. "ಹೋಯ್ತು ಕಣೇ!" ಎಂದು ವರದರಾಜ ತಲೆಮೇಲೆ ಕೈ ಹೊತ್ತ. ಆಗ ಕೊರಕಲಿನಿಂದ ಏಳುತ್ತಿದ್ದ ಗಾಳಿಯ ಮೇಲೆ ಆ ಸವೆದ ತಟ್ಟೆ ಒಮ್ಮೆ ನಿಂತಿತು. ಸುತ್ತುವುದು ಕಾಣುತ್ತಿತ್ತು, ಸದ್ದಿಲ್ಲ. ಬಿಸಿಲು ಅದರ ಮೈಗೆ ಬಿತ್ತು. ಎಷ್ಟು ಹೊತ್ತು ನಿಂತಿತೋ ಚೂಡಾಮಣಿ ಲೆಕ್ಕ ಕೊಡಲಾರಳು. ಆಮೇಲೆ ಅದು ಮೆಲ್ಲಗೆ ಎಡಕ್ಕೆ ಹೊರಳಿತು. ಹೋದ ದಾರಿಗೆ ಅಡ್ಡಲಾಗಿ, ಆಚೆ ದಂಡೆಯ ಕಡೆಗೆ, ಕೆಂಪು ಹೂಗಳೊಳಗೆ ಇಳಿದು ಕಣ್ಮರೆಯಾಯಿತು.

ಮೂವರೂ ಕಿವಿ ನಿಮಿರಿಸಿದರು. ಗಂಟೆ ಬಾರಿಸಲಿಲ್ಲ.

ಕೊರಕಲನ್ನು ಸುತ್ತಿಕೊಂಡು ಆಚೆಗೆ ಹೋಗಲು ಅರ್ಧಗಂಟೆ ಹಿಡಿಯಿತು. ಕಿತ್ತಳೆ ಬಣ್ಣದ ತಟ್ಟೆಯನ್ನು ಉದುರಿದ ಮುತ್ತುಗದ ಹೂವಿನಲ್ಲಿ ಹುಡುಕುವುದು ಆಟವಲ್ಲ. ಹ್ಯಾರಿಸ್ ಹುಡುಕಿ ಬಿಟ್ಟ, ವರದರಾಜ ಹುಡುಕಿ ಕೂತ. ಚೂಡಾಮಣಿ ಮೊಣಕಾಲೂರಿ, ಹೂವನ್ನು ಕೈಯಿಂದ ಸರಿಸುತ್ತ, ಮುಳ್ಳು ಗೀರಿದ್ದನ್ನು ಲೆಕ್ಕಿಸದೆ ಹುಡುಕಿದಳು. ಬೇರೆ ತಟ್ಟೆಯಾಗಿದ್ದರೆ ಬಿಡಬಹುದಿತ್ತು. ಇದರ ಮೇಲೆ ಹೆಸರಿತ್ತು. ಕೊನೆಗೆ ಸಿಕ್ಕಿತು, ಬುಟ್ಟಿಗೆ ಹನ್ನೆರಡು ಹೆಜ್ಜೆ ಈಚೆ, ಹೂ ತುಂಬಿಕೊಂಡು, ಅಂಗಾತ. ಅಲ್ಲಿಂದಲೇ ಕೂಗಿ ಹಾಕಿದಳು. ಟಣ್ ಎಂದು ಗಂಟೆ ಬಾರಿಸಿತು.

ದೇವಸ್ಥಾನದ ಮೆಟ್ಟಿಲ ಮೇಲೆ ಕಾವೇರಮ್ಮ ಪುಳಿಯೋಗರೆಯ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಚೂಡಾಮಣಿ ತಟ್ಟೆಯನ್ನು ಮಗುಚಿ ಅವರ ಮುಂದೆ ಹಿಡಿದಳು.

"ಏನಮ್ಮಾ ಇದು?"

"ಕಣ್ ಕಾಣಲ್ವಾ? ಹೆಸರು."

"ನನ್ ಹೆಸರು ಯಾಕೆ ಬರೀಲಿಲ್ಲ?"

"ಮೂರರ ಮೇಲೆ ಬರೆದೀನಲ್ಲ. ನಾಲ್ಕನೇದು ಅವಳಿಗೆ. ಹೆಸರು ಹಾಕಿದ ಪಾತ್ರೆ ಆ ಮನೆಗೇ ಹೋಗ್ಬೇಕು, ನಮ್ಮನೇಲಿಟ್ಕೊಂಡ್ರೆ ಕದ್ದ ಹಾಗೆ." ಕಾವೇರಮ್ಮ ಬಾಳೆಲೆಯ ತುಂಡು ಒರೆಸುತ್ತ, ಮಗಳ ಮುಖ ನೋಡದೆಯೇ ಮುಂದುವರಿಸಿದರು. "ಹನ್ನೆರಡು ವರ್ಷದಿಂದ ನಿದ್ದೇಲಿ ಬಂತೂ ಬಂತೂ ಅಂತ ಕೂಗ್ತೀಯ. ಅವತ್ತು ನಿಜವಾಗ್ಲೂ ಕೂಗಿದ್ದೋಳು ಇಷ್ಟು ವರ್ಷ ನಿದ್ದೇಲಿ ಯಾಕೇ ಕೂಗ್ತಾಳೆ?"

ಚೂಡಾಮಣಿ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕಾವೇರಮ್ಮ ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಇನ್ನೊಂದು ತುತ್ತು ಹೆಚ್ಚಾಗಿ ಬಡಿಸಿದರು.

ಸೋಮವಾರ ಶಾಲೆ ಬಿಟ್ಟ ಮೇಲೆ ಚೂಡಾಮಣಿ ಸುತ್ತಿಕೊಂಡು ಹೋಗಲಿಲ್ಲ. ನೇರವಾಗಿ ಆ ಬೀದಿಗೆ ತಿರುಗಿದಳು. ಮಹಾನಂದ ಬೆಳಗಿನ ಪಾಳಿ ಮುಗಿಸಿ ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ತಲೆಯಲ್ಲಿ ನರೆ ಬಂದಿತ್ತು, ಭುಜ ಮಾತ್ರ ಅದೇ ಭುಜ. ಚೂಡಾಮಣಿಯನ್ನು ನೋಡಿ ಲೋಟ ಕೆಳಗಿಟ್ಟಳು. ಕೂತುಕೋ ಎನ್ನಲಿಲ್ಲ.

ಚೂಡಾಮಣಿ ಕಾರಿನಲ್ಲಿ, ಹಾಸಿಗೆಯಲ್ಲಿ, ಶಾಲೆಯಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಹಾರಿಹೋಯಿತು. ಉಳಿದದ್ದು ಒಂದೇ.

"ನಾನು ಕೂಗಿರಲಿಲ್ಲ ಕಣೇ."

ಒಂದು ಆಟೋ ಹೋಯಿತು. ಎದುರು ಮನೆಯವರು ನೀರು ಹಿಡಿಯುತ್ತಿದ್ದ ಬಿಂದಿಗೆ ತುಂಬಿ ಹರಿಯಿತು.

"ಗೊತ್ತು" ಎಂದಳು ಮಹಾನಂದ. "ಮುರಿದಿದ್ದು ಕಾಲು ಕಣೇ, ಕಿವಿಯಲ್ಲ."

"ಗೊತ್ತಿದ್ದೂ ಯಾಕೆ ಮತ್ತೆ ಕೇಳ್ಲಿಲ್ಲ..."

"ನಾನ್ಯಾಕೆ ಕೇಳ್ಬೇಕಿತ್ತು? ನೀನೇ ಬಂದು ಹೇಳ್ತೀಯ ಅಂತ ಕಾದೆ. ಒಂದು ವಾರ, ಒಂದು ತಿಂಗಳು. ಆಮೇಲೆ ನೀನು ಆ ಸುತ್ತು ದಾರೀಲಿ ಹೋಗೋದು ಮಹಡಿ ಮೇಲಿಂದ ಕಾಣ್ತಿತ್ತು. ಕಾಲು ನೋವು ಎರಡು ವರ್ಷಕ್ಕೆ ಹೋಯ್ತು. ಅದನ್ನ ನೋಡ್ದಾಗೆಲ್ಲ ಹೊಟ್ಟೆ ಉರೀತಿತ್ತು ನೋಡು, ಅದು ಹೋಗ್ಲಿಲ್ಲ." ಲೋಟವನ್ನು ಆಚೆ ಸರಿಸಿದಳು. "ಹನ್ನೆರಡು ವರ್ಷ ಬೇಕಾಗಿತ್ತೇನೇ ನಿಂಗೆ, ನಾಲ್ಕು ಮನೆ ದಾಟಿ ಬರೋಕೆ?"

ಚೂಡಾಮಣಿ ಚೀಲದಿಂದ ತಟ್ಟೆ ತೆಗೆದು, ತಳ ಮೇಲಾಗಿ, ಎರಡು ಕೈಯಲ್ಲಿ ನೀಡಿದಳು.

ಮಹಾನಂದ ಹೆಸರನ್ನು ಓದಿದಳು. ತುಂಬ ಹೊತ್ತು ಓದಿದಳು. ಆಮೇಲೆ ಎಸೆಯುವವರೆಲ್ಲರಿಗೂ ಇರುವ ಚಾಳಿ, ಅಂಗೈ ಮೇಲಿಟ್ಟು ತೂಗಿದಳು, ಅಂಚಿನ ಸುತ್ತ ಬೆರಳು ಓಡಿಸಿದಳು. "ಇದೇನೇ, ಹಪ್ಪಳದ ಹಾಗಿದೆ."

"ಹಾರತ್ತೆ ಕಣೇ. ಬೀಳಲ್ಲ, ಹಾರತ್ತೆ. ಹೇಳಿದ್ರೆ ಗೊತ್ತಾಗಲ್ಲ ನಿಂಗೆ."

ಮಹಾನಂದ ಗೋಡೆ ಹಿಡಿದು ಎದ್ದಳು. ಸೊಟ್ಟ ಕಾಲನ್ನು ಹಿಂದಕ್ಕಿಟ್ಟು, ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ, ಬೆನ್ನನ್ನು ಗೋಡೆಗೆ ಆನಿಸಿಕೊಂಡಳು. ಬೀದಿಯ ಕೊನೆಯನ್ನು ಗದ್ದದಿಂದ ತೋರಿಸಿದಳು.

"ಹೋಗು. ಆ ಲೈಟು ಕಂಬದ ಹತ್ರ ನಿಂತ್ಕೋ."

ಚೂಡಾಮಣಿ ಹೋಗಿ ನಿಂತಳು. ತನ್ನ ಕಡೆಗೆ ಬರುವುದನ್ನು ಕಾದು ನಿಲ್ಲುವುದು ಹೀಗಿರುತ್ತದೆ ಎಂದು ಅವಳಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಸರಿಯಲಿಲ್ಲ.

"ಬಂತೂ!" ಎಂದು ಕೂಗಿದಳು ಮಹಾನಂದ. ಬೀದಿಯವರೆಲ್ಲ ತಿರುಗಿ ನೋಡಿದರು. ತಟ್ಟೆ ಹೊಯ್ದಾಡುತ್ತ ಎದ್ದಿತು, ಮಹಡಿಯ ಮೇಲೆ ಒಣಹಾಕಿದ್ದ ಸೀರೆಗಳ ಎತ್ತರಕ್ಕೆ ಹೋಯಿ​ತು, ಅಲ್ಲಿ ಸಂಜೆಯ ಬಿಸಿಲಲ್ಲಿ ಒಂದು ಗಳಿಗೆ ನಿಂತಿತು. ಕಟ್ಟೆಯ ಮೇಲೆ ಮಹಾನಂದ ಬಾಯಿ ತೆರೆದುಕೊಂಡು, ಚಿಕ್ಕ ಹುಡುಗಿಯ ಹಾಗೆ ತಲೆಯೆತ್ತಿ ನೋಡುತ್ತಿದ್ದಳು. ಆಮೇಲೆ ಅದು ಇಳಿದಿಳಿದು ಬಂದು ಚೂಡಾಮಣಿಯ ಎದೆಗೆ ಮೆತ್ತಗೆ ತಾಗಿತು. ಅವಳು ಎರಡು ಕೈಯಲ್ಲಿ ಹಿಡಿದುಕೊಂಡಳು.

"ಈಗ ನೀನು" ಎಂದು ಆ ಕಡೆಯಿಂದ ಮಹಾನಂದ ಕಣ್ಣೊರೆಸಿಕೊಳ್ಳುತ್ತ ಕಿರುಚಿದಳು. "ಕೂಗಿ ಹಾಕೇ!"

ಇಡೀ ಬೀದಿಗೆ ಕೇಳುವ ಹಾಗೆ ಚೂಡಾಮಣಿ ಕೂಗಿದಳು.